ಬೈಟೂ ಟೀಯ ಚಕ್ಕುಬಂದಿ

ಮಂಡ್ಯದ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಹೊಂಗೆಮರದ ಕೆಳಗೆ ನನ್ನ ಟೈಪ್‌ರೈಟರು.
ಪೂರ್ವಕ್ಕೆ ಚಲುವಾಂಬಳ ಛಾಪಾಕಾಗದದ ಪೆಟ್ಟಿಗೆ,
ಪಶ್ಚಿಮಕ್ಕೆ ಪಂಕ್ಚರ್ ಅಂಗಡಿ,
ಉತ್ತರಕ್ಕೆ ಮುಚ್ಚಳವಿಲ್ಲದ ಚರಂಡಿ,
ದಕ್ಷಿಣಕ್ಕೆ ಮರಿಸಿದ್ದನ ಟೀ ಗಾಡಿ, ಅದರ ಹೊಗೆ ಸಮೇತ.
ಈ ಚಕ್ಕುಬಂದಿಯೊಳಗೆ ಕೂತು
ಹನ್ನೊಂದು ವರ್ಷ ನಾವಿಬ್ಬರು
ಒಂದೇ ಟೀಯನ್ನು ಎರಡು ಮಾಡಿ ಕುಡಿದೆವು.

ಮರಿಸಿದ್ದನಿಗೆ ಏನೂ ಹೇಳಬೇಕಿರಲಿಲ್ಲ.
ನನ್ನ ಕೀಲಿಗಳ ಸದ್ದು ಕೇಳಿಯೇ ಒಲೆ ಹೆಚ್ಚಿಸುವನು.
ಟಕಟಕ ಒಂದೇ ಸಮ ಹೋದರೆ ಮಾಮೂಲಿ,
ನಿಂತು ನಿಂತು ಬಿದ್ದರೆ ಶುಂಠಿ ಜಜ್ಜುವನು,
ಸಾಲು ಮುಗಿದಾಗ ರೋಲರನ್ನು ಫಟ್ಟನೆ ತಳ್ಳಿದೆನೋ
‘ಅಕ್ಕಂಗೆ ಇವತ್ತು ಒಸಿ ಖಡಕ್ಕಾಗಿರ್ಲಿ ಕಣ್ಲಾ’
ಎಂದು ಹುಡುಗನಿಗೆ ಕೂಗುವನು.
ತಲೆನೋವಿಗೊಂದು, ಬೇಸರಕ್ಕೊಂದು,
ಗಿರಾಕಿ ಬಾರದ ಮಂಗಳವಾರಕ್ಕೊಂದು.
ಅವನ ಪಾತ್ರೆ ಮಾತ್ರ ಒಂದೇ,
ಹಿಡಿ ಮುರಿದದ್ದು.

ಜಗಳ ಆದದ್ದು ಕೆರಗೋಡಿನ ಒಬ್ಬ ಗಿರಾಕಿಯಿಂದ.
ನನ್ನ ಮೇಜಿನ ಮುಂದೆ ನಿಂತವನನ್ನು ಅವಳು ಕರೆದು
ರಸ್ತೆಯಾಚೆಯ ಕಂಪ್ಯೂಟರ್ ಅಂಗಡಿ ತೋರಿಸಿದಳು.
‘ಅಲ್ಲಾದ್ರೆ ಬಿರ್ನೆ ಆಯ್ತದೆ, ಓಗಿ.’
ನಿಜ, ಬಿರ್ನೆ ಆಗುತ್ತದೆ.
ನಿಜವಾದ್ದರಿಂದಲೇ ನನಗೆ ಅಷ್ಟು ಉರಿಯಿತು.

ಆ ಮಧ್ಯಾಹ್ನ ‘ನಂಗೊಂದು ಫುಲ್’ ಎಂದೆ.
ಮರಿಸಿದ್ದ ಸೋಸುಬಟ್ಟೆ ಹಿಡಿದು ಹಾಗೇ ನಿಂತ.
ಅತ್ತ ಪೆಟ್ಟಿಗೆಯ ಹಿಂದಿನಿಂದಲೂ ಬಂತು:
‘ನಂಗೂ ಫುಲ್ಲೇ.’

ಫುಲ್ ಟೀ ಕುಡಿಯುವುದು ನನಗೆ ಮರೆತೇ ಹೋಗಿತ್ತು.
ಮೊದಲರ್ಧ ನಾಲಿಗೆ ಸುಟ್ಟಿತು,
ಉಳಿದರ್ಧ ಮೇಜಿನ ಮೇಲೆ ಕೂತು ಕೆನೆ ಕಟ್ಟಿತು.
ಮಾತಿಲ್ಲದ ಕಡೆ ಟೀ ಎಷ್ಟು ಬೇಗ ಆರುತ್ತದೆ!
ಶುಂಠಿ ಹಾಕಿಸಿದೆ, ಏಲಕ್ಕಿ ಹಾಕಿಸಿದೆ,
ಒಂದು ದಿನ ಸುಮ್ಮನೆ ನಿಂಬೆಹಣ್ಣು ಹಿಂಡಿಸಿದೆ.
ಮನಸ್ಸು ಹೇಗಿತ್ತೋ ಟೀಯೂ ಹಾಗೇ,
ಚೊಗರು.

ದಿನವಿಡೀ ವಿಭಾಗಪತ್ರ ಬಡಿಯುವವಳು ನಾನು.
ಅಣ್ಣನಿಗೆ ಬಾವಿ,
ತಮ್ಮನಿಗೆ ಬಾವಿಗೆ ಹೋಗುವ ದಾರಿ.
ಹುಣಿಸೆಮರ ಒಬ್ಬನಿಗೆ, ನೆರಳು ಬಿದ್ದವನಿಗೆ.
ಸ್ವಂತ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ.
ಬೈಟೂ ಎಂಬ ವಿಭಾಗಕ್ಕೆ ಮಾತ್ರ
ಪತ್ರವಿರಲಿಲ್ಲ, ಸಾಕ್ಷಿಯಿರಲಿಲ್ಲ.
ಅವಳ ಲೋಟದತ್ತ ಒಂದು ಗುಟುಕು ಹೆಚ್ಚು ವಾಲಿದರೆ
ನಾನು ಮರದ ಕಡೆ ನೋಡುತ್ತಿದ್ದೆ. ಅಷ್ಟೇ.

ಎರಡು ತಿಂಗಳಾದ ಮೇಲೆ
ಮಗಳ ಬಾಣಂತನವೆಂದು ಮರಿಸಿದ್ದ ಊರಿಗೆ ಹೋದ.
ಗಾಡಿಗೆ ನಿಂತವಳು ಹೆಂಡತಿ ಕೆಂಪಾಜಮ್ಮ.
ಕೇಳಲಿಲ್ಲ, ಮಾಡಲಿಲ್ಲ,
ಎರಡು ಅರ್ಧ ಲೋಟ ತಂದು ಇಬ್ಬರ ಮುಂದೂ ಕುಕ್ಕಿದಳು.
‘ನೀವಿಬ್ರೂ ಬೈಟೂ ಅಲ್ವಾ, ಯಜಮಾನ್ರು ಹೇಳವ್ರೆ.’
ಯಾವಾಗ ಹೇಳಿದ್ದನೋ.
ಜಗಳಕ್ಕೆ ಮೊದಲೋ, ಬಸ್ಸು ಹತ್ತುವಾಗಲೋ,
ನಾನು ಕೇಳಲು ಹೋಗಲಿಲ್ಲ.

ಚಲುವಾಂಬ ಒಂದು ಗುಟುಕು ಕುಡಿದು ಮುಖ ಹಿಂಡಿ
ಹೊಂಗೆಮರಕ್ಕೆ ಹೇಳಿದಳು:
‘ಸಕ್ರೆ ಒಸಿ ಜಾಸ್ತಿ ಆಯ್ತು.’
ಮಂಡ್ಯದಲ್ಲಿ ಕೂತು ಯಾರೂ ಆಡಬಾರದ ಮಾತು!
ನಾನು ರೋಲರಿಗೆ ಕಾಗದ ಸುತ್ತುತ್ತಾ
‘ಹೂಂ’ ಎಂದೆ.
ಸಕ್ಕರೆಗೆಂದೆನೋ ಅವಳಿಗೆಂದೆನೋ.
ಕೋಪ ಹೋಯಿತೇ ಎಂದರೆ, ಇಲ್ಲ.
ಅದೂ ಎರಡು ಲೋಟಕ್ಕೆ ಹಂಚಿಹೋದ ಹಾಗಿತ್ತು.

ಅಷ್ಟರಲ್ಲಿ ಒಬ್ಬ ಓಡುತ್ತಾ ಬಂದ.
ಮೂರೂವರೆಯೊಳಗೆ ಕ್ರಯಪತ್ರ ಆಗಲೇಬೇಕಂತೆ.
ನಾನೇ ಬೆರಳು ಚಾಚಿ
ರಸ್ತೆಯಾಚೆಯ ಅಂಗಡಿ ತೋರಿಸಿದೆ.
ಪೆಟ್ಟಿಗೆಯ ಹಿಂದೆ ಅವಳು ತಲೆ ಎತ್ತಿದ್ದು ಗೊತ್ತಾಯಿತು,
ತಿರುಗಲಿಲ್ಲ.

ಲೋಟದ ತಳದಲ್ಲಿ ಕರಗದ ಸಕ್ಕರೆ ಉಳಿದಿತ್ತು.
ಸುತ್ತ ಒಮ್ಮೆ ನೋಡಿ
ಬೆರಳಿನಿಂದ ಬಳಿದು ತಿಂದೆ.