ಐದರಲ್ಲಿ ಒಂದೇ ತೇಲಿತು

ಅಕ್ಟೋಬರಿನ ಕೊನೇ ಶನಿವಾರ.
ಕಡಲಗಾಳಿ ಶೆಡ್ಡಿನ ಬಾಗಿಲ ಸಂದಿಗೆ ಮೂಗು ತೂರಿಸುತ್ತಿದೆ.
ಎಂಡ್ಲಾ ನೆಲಕ್ಕೆ ರಟ್ಟು ಹಾಸಿ ಮಲಗಿದ್ದಾಳೆ
ಟ್ರ್ಯಾಕ್ಟರಿನ ಮೂತಿಯ ಕೆಳಗೆ.

ಪುಟ್ಟ ಟ್ರ್ಯಾಕ್ಟರು, ಅವಳ ಎದೆಮಟ್ಟ.
ಯಾರೋ ದುಡಿಸಿ ಬಿಟ್ಟಿದ್ದು ಜಪಾನಿನಿಂದ ಹಡಗಿನಲ್ಲಿ ಬಂತು.
ಅದರ ಮೈಮೇಲಿನ ಬರಹ ಈ ಸಾರೆಮಾ ದ್ವೀಪದಲ್ಲಿ
ಅವಳು ಬಲ್ಲ ಯಾರಿಗೂ ಓದಲು ಬಾರದು.
ಯಾವ ಹಿಡಿ ಯಾತಕ್ಕೆಂದು ಎಳೆದೆಳೆದೇ ಕಲಿತಳು.
ರೇಡಿಯೇಟರ್ ಮುಚ್ಚಳದ ಪಕ್ಕ, ಕೆಂಪು ಚೌಕದಲ್ಲಿ
ಎರಡೇ ಎರಡಕ್ಷರ:
'ಮುಟ್ಟಬೇಡ' ಇರಬಹುದು,
'ಬನ್ನಿ ಕೂತುಕೊಳ್ಳಿ' ಅಂತಲೂ ಇರಬಹುದು.

ನಿನ್ನೆ ಹೆಲ್ದುರ್ ಬಂದು
ಗಾಜಿನ ಕೊಳವೆಗೆ ಒಂದು ಗುಟುಕು ಕೂಲಂಟ್ ಹೀರಿ
ಬೆಳಕಿಗೆ ಹಿಡಿದ. ಐದು ಬಣ್ಣದ ಗುಂಡುಗಳಲ್ಲಿ
ಒಂದೇ ತೇಲಿತು.
'ಮೈನಸ್ ಎಂಟಕ್ಕೆ ಇದು ಕಲ್ಲಾಗುತ್ತೆ. ನೀರು ಹಿಗ್ಗುತ್ತೆ,
ಕಬ್ಬಿಣ ಹಿಗ್ಗಲ್ಲ.'
ಅಷ್ಟೇ. ಟೋಪಿ ಇಟ್ಟುಕೊಂಡು ಹೊರಟ.
ಮಾತಲ್ಲಿ ಅವನಷ್ಟು ಜಿಪುಣ ಇನ್ನೊಬ್ಬನಿಲ್ಲ.

ಜನವರಿಯಲ್ಲಿ ಇಲ್ಲಿ ಮೈನಸ್ ಇಪ್ಪತ್ತೂ ಉಂಟು.
ಏಳು ಮನೆ, ಎರಡು ಕಿಲೋಮೀಟರ್ ಹಾದಿ,
ಶಾಲೆಯ ಬಸ್ಸು ಏಳೂಕಾಲಿಗೆ.
ಹಿಮ ಬಳಿಯುವ ಗುತ್ತಿಗೆ ಇವಳದು.

ಹಿತ್ತಾಳೆಯ ನಲ್ಲಿ ಕಚ್ಚಿಕೊಂಡು ಕೂತಿದೆ.
ಎಣ್ಣೆ ಬಿಟ್ಟಳು. ತಟ್ಟಿದಳು. ಬೈದಳು.
ಬೈಗುಳಕ್ಕೇ ಬಂತೋ ಏನೋ, ಕಿರ್ ಎಂದು ಸಡಿಲಾಗಿ
ಹಸಿರು ಬರಬೇಕಾದಲ್ಲಿ
ಕುದಿಸಿ ಮರೆತ ಚಹಾದ ಬಣ್ಣ,
ಮೊದಲು ಮೊಣಕೈಗೆ, ಆಮೇಲೆ ಬೋಗುಣಿಗೆ.
(ಆ ಬೋಗುಣಿ ಇನ್ನು ಅಡುಗೆಮನೆ ಕಾಣದು.)

ಹೊರಗೆ ಪೊಂಟು ಸರಪಳಿ ಜಗ್ಗುತ್ತಿದೆ.
ಅದಕ್ಕೆ ವಾಸನೆ ಸಿಕ್ಕಿದೆ. ಸಿಹಿ.
ನಾಲ್ಕು ನೆಕ್ಕು ಸಾಕು, ಎರಡು ದಿನದಲ್ಲಿ ಮೂತ್ರಪಿಂಡ ಹೋಗುತ್ತೆ
ಎಂದು ನಾಯಿಗೆ ಯಾವ ಭಾಷೆಯಲ್ಲಿ ಹೇಳುವುದು?

ಬಾವಿಯ ನೀರಲ್ಲಿ ಸುಣ್ಣ. ಪೀಪಾಯಿಯ ಮಳೆನೀರು
ಎರಡು ಸಲ ಹೊಯ್ದು, ತೊಳೆದು, ತಿಳಿಯಾಗುವ ತನಕ ಬಿಟ್ಟು,
ಸುಮ್ಮನೆ ಕೂರಲಾರದೆ ಮುಂದಿನ ಜಾಲರಿ ಕಳಚಿದಳು.
ರೇಡಿಯೇಟರಿನ ಹಲ್ಲುಗಳ ಮೂಲೆಯಲ್ಲಿ, ಗ್ರೀಸಿಗೆ ಅಂಟಿ,
ಒಂದು ಹಿಡಿ ಹೊಟ್ಟು.
ಬಾರ್ಲಿಯದಲ್ಲ. ರೈ ಅಲ್ಲ, ಓಟ್ಸ್ ಅಲ್ಲ.
ಪುಟ್ಟ ದೋಣಿ, ಹೊಂಬಣ್ಣ, ಉಜ್ಜಿದರೆ ಮರಳುಕಾಗದ.
ಒಂದನ್ನು ಹಲ್ಲಿಗಿಟ್ಟು ನೋಡಿದಳು. ಉಗಿದಳು.
ನಿಮಗೋ ನನಗೋ ಬೆರಳಿಗೆ ಸೋಕಿದ್ದರೆ ಸಾಕಿತ್ತು,
ಕಣ್ಣು ಮುಚ್ಚಿ ಹೇಳುತ್ತಿದ್ದೆವು.
ಅವಳು ಅದನ್ನು ಬೆಂಕಿಪೊಟ್ಟಣಕ್ಕೆ ತುಂಬಿ
ಮೊಳೆ ಡಬ್ಬದ ಹಿಂದೆ ಇಟ್ಟಳು.
ಯಾಕೆಂದು ಅವಳಿಗೂ ಗೊತ್ತಿಲ್ಲ.

ಅರ್ಧ ಬಟ್ಟಿನೀರು, ಅರ್ಧ ಹಸಿರು.
ಬರಿದಾದದ್ದು ನಾಲ್ಕೂವರೆ ಲೀಟರು,
ತುಂಬಿದ್ದು ಮೂರೂ ಮುಕ್ಕಾಲು;
ಮಿಕ್ಕದ್ದು ಒಳಗೆಲ್ಲೋ ಅಡಗಿ ಕೂತ ಗಾಳಿ.
ಮುಚ್ಚಳ ತೆರೆದೇ ಎಂಜಿನ್ ಹಚ್ಚಿ
ಮೇಲಿನ ಹೋಸಿಗೆ ಕೈ ಆನಿಸಿ ಕಾದಳು.
ತಣ್ಣಗೆ. ತಣ್ಣಗೆ.
ಹೊರಗೆ ಹೆಬ್ಬಾತುಗಳ ಕೊನೆಯ ಸಾಲು ತೆಂಕಕ್ಕೆ ಕೂಗಿಕೊಂಡು ಹೋಯಿತು.
ಇನ್ನೂ ತಣ್ಣಗೆ.
ಆಮೇಲೆ ಒಮ್ಮೆಲೇ, ಅಂಗೈಯೊಳಗೆ
ಯಾರೋ ಎದ್ದು ಓಡಾಡಿದ ಹಾಗೆ ಬಿಸಿ;
ಗುಳುಕ್, ಮಟ್ಟ ಇಳಿಯಿತು.
ಸುರಿದಳು. ಗುಳುಕ್. ಸುರಿದಳು.
ಮುಕ್ಕಾಲು ಲೀಟರೂ ಹೋಯಿತು.

ಬಿಳಿ ಟೇಪಿನ ಮೇಲೆ ತಾರೀಖು, ಐವತ್ತಕ್ಕೆ ಐವತ್ತು,
'ಬಾವಿ ನೀರು ಹಾಕಬೇಡಿ',
ತನ್ನ ಭಾಷೆಯಲ್ಲಿ, ದುಂಡಗೆ ಬರೆದು
ಆ ಎರಡಕ್ಷರದ ಕೆಳಗೆ ಅಂಟಿಸಿದಳು.
ಇದನ್ನು ಮುಂದೆ ಕೊಳ್ಳುವವನು ಯಾವ ದೇಶದವನೋ.

ಹಳೇ ಕೂಲಂಟು ಕ್ಯಾನಿಗೆ, ಕ್ಯಾನು ಅಟ್ಟಕ್ಕೆ.
ನೆಲಕ್ಕೆ ಮರದಪುಡಿ ಚೆಲ್ಲಿ ಗುಡಿಸಿದಳು.
ಕೈ ಮೂರು ಸಲ ತೊಳೆದಳು, ಮೊಣಕೈ ತನಕ.
ಮೂಸಿ ನೋಡಿ ಇನ್ನೊಂದು ಸಲ.
ಆಮೇಲೆ ನಾಯಿಯನ್ನು ಬಿಚ್ಚಿದಳು.