ಶೀಘ್ರಲಿಪಿ

ರೀಗಾದ ಸಂಸತ್ತಿನಲ್ಲಿ ನನ್ನ ಮೇಜು
ಭಾಷಣಪೀಠದ ಕೆಳಗೆ, ಮಂತ್ರಿಗಳ ಬೂಟಿನ ಮಟ್ಟದಲ್ಲಿ.
ಇಪ್ಪತ್ತಾರು ವರ್ಷದಿಂದ ಇಲ್ಲಿ ಕೂತು
ಅವರು ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ.
ಈಗ ಯಂತ್ರವೂ ಕೇಳಿಸಿಕೊಳ್ಳುತ್ತದೆ. ಆದರೂ
ಯಾರು ನಕ್ಕರೆಂದು ಯಂತ್ರಕ್ಕೆ ತಿಳಿಯದು;
ಅದಕ್ಕೇ ನನ್ನನ್ನು ಉಳಿಸಿಕೊಂಡಿದ್ದಾರೆ, ಸದ್ಯಕ್ಕೆ.

ನಮ್ಮ ಲಿಪಿಯ ನಿಯಮ ಸರಳ:
ಹೆಚ್ಚು ಸವೆದ ಮಾತಿಗೆ ಕಡಿಮೆ ಗೀಟು.
‘ಮಾನ್ಯ ಅಧ್ಯಕ್ಷರೇ’ ಅಂದರೆ ಒಂದು ಕೊಕ್ಕೆ.
‘ಸಾಲ’ ಮೊದಲು ಬಳುಕುಗೆರೆಯಾಗಿತ್ತು,
ಈ ಚಳಿಗಾಲದಲ್ಲಿ ಸವೆದು ಸವೆದು ಚುಕ್ಕೆಯಾಗಿದೆ.
‘ಕಡಿತ’ ಆ ಚುಕ್ಕೆಯ ಪಕ್ಕ ಅಡ್ಡಗೀಟು.
ನಿನ್ನೆ ರಾತ್ರಿಯ ಹಾಳೆಯನ್ನು ದೂರದಿಂದ ನೋಡಿದರೆ
ಹಿಮದ ಮೇಲೆ ಗುಬ್ಬಿ ಓಡಾಡಿದ ಹಾಗಿದೆ.

ಹಣಕಾಸು ಮಂತ್ರಿ ಗುನ್ವಾಲ್ದಿಸ್ ಕೆಟ್ಟವನಲ್ಲ.
ಅವನ ಬೂಟಿನ ಹಿಮ್ಮಡಿ ಒಂದು ಕಡೆಗೆ ಸವೆದಿದೆ, ನಾನು ಬಲ್ಲೆ.
ಲೆಕ್ಕವೂ ಸುಳ್ಳಲ್ಲ. ಸಾಲ ಇದೆ, ಬಡ್ಡಿ ಇದೆ,
ಹುಟ್ಟದ ಮಕ್ಕಳ ಹೆಸರಿಗೂ ಬರೆದಿಟ್ಟಿದೆ.
ನೀರು ಕುಡಿದ. ಕೈಯ ಕಾಗದ ನಡುಗಿತು. ಅಂದ:
“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಮಾನ್ಯರೇ.”
ಬಲಗಡೆಯ ಬೆಂಚುಗಳು ನಕ್ಕವು.
ಬರೆದೆ: ನಗು.

ನನ್ನಮ್ಮ ಸ್ಕೈದ್ರಿತೆಗೆ ಒಂದೇ ಕಾಲು.
ಎಡಗಾಲನ್ನು ಸಕ್ಕರೆ ಕಾಯಿಲೆ ಮೊಣಕಾಲಿನವರೆಗೆ ತಿಂದಿತು
ಹೋದ ಮಾರ್ಚಿನಲ್ಲಿ.
ಬಂದರಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಹೊಗೆ ಹಿಡಿಸಿದ ಸಣ್ಣ ಮೀನನ್ನು ಡಬ್ಬಿಗೆ ಜೋಡಿಸಿದವಳು,
ಒಂದರ ಭುಜಕ್ಕೆ ಇನ್ನೊಂದರ ಬಾಲ.
ಬೆಳಗ್ಗೆ ಬಂದು ಗಾಯ ತೊಳೆದು ಕಟ್ಟಿ
ಎರಡು ಮಾತಾಡಿ ಹೋಗುವ ದಾದಿಯ ಹೆಸರು
ವಿಧೇಯಕದ ಭಾಷೆಯಲ್ಲಿ
ಅನುಬಂಧ ನಾಲ್ಕು, ಏಳನೇ ಕಲಮು.

ಮಧ್ಯರಾತ್ರಿ ದಾಟಿದ ಮೇಲೆ ವಿರೋಧಪಕ್ಷದ ಇಂದುಲಿಸ್ ಎದ್ದ.
ಕಂಚಿನ ಕಂಠ. ಬಡವರ ಬಾಯಿಯ ತುತ್ತು ಅಂದ,
ಮೇಜು ಗುದ್ದಿದ, ಚಪ್ಪಾಳೆ (ಬರೆದೆ),
ಕೂತು, ಸೇಬನ್ನು ಕೋಟಿಗೆ ಒರೆಸಿ ಕಚ್ಚಿದ.
ಎಂಟು ವರ್ಷದ ಕೆಳಗೆ ಇವನೇ ಮಂತ್ರಿ. ಆಗ
ಗುನ್ವಾಲ್ದಿಸ್ ಆ ಬೆಂಚಿನಲ್ಲಿ ಕೂತು
ಅದೇ ಮೇಜು ಗುದ್ದಿದ್ದ.
ಹಳೆಯ ಹಾಳೆಗಳು ನನ್ನಲ್ಲಿವೆ. ಹೆಸರು ಅದಲುಬದಲು ಮಾಡಿದ್ದರೆ
ಅರ್ಧ ರಾತ್ರಿ ನಿದ್ದೆ ಸಿಗುತ್ತಿತ್ತು.

ಆಮೇಲೆ ಕಡೆಯ ಸಾಲಿನಿಂದ ಒಬ್ಬಳು,
ಹೊಸಬಳು, ಪೂರ್ವದ ಗಡಿಯ ಕಡೆಯವಳು,
ಬರೆದು ತಂದದ್ದನ್ನು ಮಡಿಸಿಟ್ಟು ಕೇಳಿದಳು:
“ಹಸಿವಾದರೆ ಅವರು ಎಲ್ಲಿಗೆ ಹೋಗಬೇಕು?”

ನನ್ನ ಪೆನ್ನು ತಡವರಿಸಿತು.
‘ಹಸಿವು’ ಎಂಬುದಕ್ಕೆ ನಮ್ಮಲ್ಲಿ ಚಿಕ್ಕ ಗುರುತಿಲ್ಲ;
ಈ ಸಭೆಯಲ್ಲಿ ಯಾರೂ ಅದನ್ನು ಅಷ್ಟು ಸಲ ಆಡಿಲ್ಲ.
ಅಕ್ಷರ ಅಕ್ಷರ ಪೂರ್ತಿ ಬರೆಯಬೇಕು.
ಬರೆದು ತಲೆಯೆತ್ತುವಷ್ಟರಲ್ಲಿ
ಉತ್ತರ ಬಂದಿದ್ದರೆ ನನ್ನ ಕಿವಿಗೆ ತಪ್ಪಿತು.
ಆಮೇಲೆ ಯಂತ್ರ ತಿರುಗಿಸಿ ಕೇಳಿದೆ:
ಒಂದು ಕೆಮ್ಮು. ಕುರ್ಚಿ ಸರಿದ ಸದ್ದು.
ಕೆಮ್ಮನ್ನು ನಡಾವಳಿಗೆ ಸೇರಿಸುವಂತಿಲ್ಲ.

ಎರಡು ನಲವತ್ತಕ್ಕೆ ಗುಂಡಿ ಒತ್ತಿದರು.
ಐವತ್ತೆರಡು, ನಲವತ್ತೊಂದು, ತಟಸ್ಥ ಏಳು.
ತಿದ್ದಿ, ಸಹಿ ಹಾಕಿ, ಕೋಟು ತೊಟ್ಟೆ.

ಮೊದಲ ಟ್ರಾಮಿನಲ್ಲಿ ನಾನು, ಮತ್ತೆ
ತೋಳಿನ ತುಂಬ ಹಿಟ್ಟು ಮೆತ್ತಿದ ಒಬ್ಬ ಹುಡುಗ.
ದೌಗಾವಾ ಹೊಳೆಯ ಮಂಜುಗಡ್ಡೆ ಎಲ್ಲೋ ಬಿರಿಯುತ್ತಿತ್ತು.

ಅಮ್ಮ ಮಲಗಿರಲಿಲ್ಲ.
“ಏನಂದರು? ನನ್ನ ಸುದ್ದಿ ಬಂತಾ?”
“ಬಂತು. ಹೆಸರಿಲ್ಲದೆ ಬಂತು.
ದಾದಿ ಇನ್ನು ವಾರಕ್ಕೊಂದೇ ಸಲವಂತೆ.”
ಅವಳು ಗೋಡೆಯ ಕಡೆ ನೋಡಿದಳು, ಏನೂ ಅನ್ನಲಿಲ್ಲ.
ನನ್ನ ಕೋಣೆಯ ಹೀಟರನ್ನು ನವೆಂಬರಿನಿಂದಲೇ ಆರಿಸಿದ್ದೇವೆ,
ನಮ್ಮ ಮನೆಯ ಬಜೆಟ್ಟು.

ಹೊದಿಕೆ ಎತ್ತಿದಳು:
“ಬಾ. ಕಾಲಿದ್ದ ಕಡೆ ಜಾಗ ಖಾಲಿ ಇದೆ.”
ಅವಳ ಪಾದ ಇರಬೇಕಾದಲ್ಲಿ ನನ್ನ ತಲೆ,
ಅವಳ ಭುಜಕ್ಕೆ ನನ್ನ ಕಾಲು.
ಕತ್ತಲಲ್ಲಿ ಕೈ ಚಾಚಿ
ನನ್ನ ಹಿಮ್ಮಡಿಯನ್ನು ಎರಡು ಬೆರಳಿಂದ ಒಂಚೂರು ಒತ್ತರಿಸಿದಳು,
ಮುಚ್ಚಳ ಹಾಕುವ ಮೊದಲು
ಮಾಡುತ್ತಿದ್ದ ಹಾಗೆ.