ಹದಿನೈದು ಡಬ್ಲ್ಯು ನಲವತ್ತು

ಡಬ್ಬಿಯ ಮೇಲಿನ ಡಬ್ಲ್ಯು ಅಂದರೆ ಚಳಿಗಾಲವಂತೆ.
ಗೋವರ್ಧನ ಶೆಟ್ಟಿ ಕನ್ನಡಕ ಏರಿಸಿ ಹೇಳಿದ.
ನಾನು ಅಂಗಡಿಯ ಹೊರಗೆ ನೋಡಿದೆ:
ಕುಡುತಿನಿಯ ರಸ್ತೆ ಬೆಳಗಿನ ಒಂಬತ್ತಕ್ಕೇ
ಕಾದ ಹಂಚಿನ ಹಾಗೆ ನಡುಗುತ್ತಿತ್ತು,
ಟಾರು ಒಬ್ಬ ಹುಡುಗನ ಚಪ್ಪಲಿ ಹಿಡಿದುಕೊಂಡು
ಬಿಡಲೊಲ್ಲದು.
ಯಾರ ಚಳಿಗಾಲಕ್ಕೆ ನಾನು ದುಡ್ಡು ಕೊಡಬೇಕು?

'ಇದು ಐದು ಡಬ್ಲ್ಯು, ಪೂರ್ತಿ ಸಿಂಥೆಟಿಕ್ ತಾಯಿ,
ಹಿಮದಾಗೂ ಹರೀತೈತಿ, ಬೆಂಕ್ಯಾಗೂ ತೆಳುವಾಗಂಗಿಲ್ಲ.
ಒಂದೊಂದು ಕಣನೂ ಒಂದೇ ಅಳತಿ,
ಜೋಳದ ರಾಶಿ ಅಲ್ಲ, ಪೋಣಿಸಿದ ಮಣಿ.
ನಲವತ್ತು ಸಾವಿರ ಕಿಲೋಮೀಟರು ಮುಟ್ಟಂಗಿಲ್ಲ.
ರೇಟು ಎರಡರಷ್ಟು, ಖರೆ. ಆದ್ರ
ಎಣ್ಣೆ ಬಂದಾಗ ಕಣ್ಣು ಮುಚ್ಕೋಬ್ಯಾಡ್ರಿ.'

ಗಾದೆಯನ್ನೂ ಶೆಟ್ಟಿ ಎಣ್ಣೆಯ ಜತೆಗೇ ಮಾರುತ್ತಾನೆ.

ನನಗೆ ಲಾರಿ ಓಡಿಸಲು ಬರದು.
ಆದರೆ ದಿನಾ ನಸುಕಿನಲ್ಲಿ, ಚಹಾಕ್ಕೆ ಇಡುವ ಮೊದಲು,
ಅಳತೆಕಡ್ಡಿ ಎಳೆದು
ನನ್ನ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಒರೆಸಿ
ಮತ್ತೆ ಅದ್ದಿ, ಬೆಳಕಿಗೆ ಹಿಡಿಯುತ್ತೇನೆ.
ಎರಡು ಗೆರೆಗಳ ನಡುವೆ ನನ್ನ ತಿಂಗಳು.
ಆ ಸೀರೆ ಉಡುತ್ತಿದ್ದ ಕಾಲಕ್ಕೆ
ಎಣ್ಣೆ ಅಂದರೆ ಕುಸುಬಿ, ಕೊಬ್ಬರಿ, ಹರಳು,
ಇನ್ನೊಂದು, ಗಂಡಸರು ಕತ್ತಲಾದ ಮೇಲೆ ಹಾಕುವುದು;
ಇಷ್ಟೇ ಅಂದುಕೊಂಡಿದ್ದೆ.

ಹತ್ತು ಗಾಲಿಯ ಲಾರಿ. ಏಳು ಲಕ್ಷ ಓಡಿದೆ,
ನನ್ನ ಕೈಗೆ ಬಂದಾಗಲೇ ಐದಾಗಿತ್ತು.
ದೇವಗಿರಿಯ ಗುಡ್ಡ ಇಳಿಯುತ್ತದೆ,
ತೋರಣಗಲ್ಲಿನಲ್ಲಿ ಸಾಲು ನಿಲ್ಲುತ್ತದೆ
ಐದು ತಾಸು, ಇಂಜಿನ್ ಆರಿಸದೆ,
ಒಂದೊಂದು ಲಾರಿಯಳತೆ ಮುಂದಕ್ಕೆ.
ಓಡದ ಆ ತಾಸುಗಳನ್ನು ಮೀಟರು ಬರೆಯುವುದಿಲ್ಲ.
ಎಣ್ಣೆ ಬರೆದುಕೊಳ್ಳುತ್ತದೆ.

ಖಾಜಾ ಮೇಸ್ತ್ರಿ ಹಳೆಯದರ ಒಂದು ಹನಿ
ಎರಡು ಬೆರಳ ನಡುವೆ ಉಜ್ಜಿದ, ಮೂಸಿದ,
ಅವನಂತೂ ಕಣ್ಣು ಮುಚ್ಚಿಯೇ ಬಿಟ್ಟ.
'ಅದಿರು ಒಳಗ ಬಂದೈತಿ ಅಕ್ಕಾ, ಬೆರಳಿಗೆ ಹತ್ತತೈತಿ.
ಧೂಳಿಗೆ ಸಿಂಥೆಟಿಕ್ಕೂ ಒಂದೇ, ಸಾದಾನೂ ಒಂದೇ.
ನಲವತ್ತು ಸಾವಿರ ಅಂತ ಬಿಟ್ರ
ಅದು ಎಣ್ಣಿ ಅಲ್ಲ, ಉಜ್ಜೋ ಕಾಗದ.
ಮೊದಲು ಗಾಳಿ ಫಿಲ್ಟರ್ ನೋಡು.'

ಸ್ಪ್ಯಾನರ್ ಒರೆಸುತ್ತ ಇನ್ನೊಂದು ಅಂದ:
'ಸೀಲಿನ ಸುತ್ತ ಹಳೇ ಮಡ್ಡಿ ಕುಂತೈತಿ.
ಸೋರದಂಗ ತಡದಿರೋದು ಅದೇ ಮಡ್ಡಿ.
ಹೊಸಾ ಎಣ್ಣಿ ಹೋಗಿ ಅದನ್ನ ತೊಳೀತೈತಿ.
ತೊಳದ ಮ್ಯಾಲ, ನೋಡು, ಸೋರತೈತಿ.'

ನಾನು ನಕ್ಕೆ.
ಈ ಲಾರಿಯಲ್ಲಿ ತಮ್ಮ ಬಸಲಿಂಗನದೂ ಅರ್ಧ ಪಾಲು.
ಮೂರು ವರ್ಷದಿಂದ ನಾವು ಲೆಕ್ಕ ತೊಳೆದಿಲ್ಲ.
ಸೋರಿಲ್ಲ.

ಮತ್ತೆ ಶೆಟ್ಟಿಯ ಅಂಗಡಿ.
ಹದಿನೈದು ಡಬ್ಲ್ಯು ನಲವತ್ತು, ಹದಿನಾರು ಲೀಟರು,
ಎಣ್ಣೆಯದೊಂದು ಫಿಲ್ಟರ್, ಗಾಳಿಯದು ಎರಡು.
ಬೋರ್ ಕೆಲಸ ಆದ ಮೇಲೆ, ಸೀಲು ಹೊಸದಾದ ಮೇಲೆ,
ನಿಮ್ಮ ಮಣಿ ಪೋಣಿಸಿದ್ದನ್ನು ನೋಡೋಣ ಅಂದೆ.
ಬಿಲ್ಲು ಬರೆಯುತ್ತ ಹೆಸರು ಕೇಳಿದ.
ತಿಪ್ಪಕ್ಕ.
'ಯಜಮಾನರದು?'
ಕೆ ಎ ಮೂವತ್ತನಾಲ್ಕು, ಅಂದೆ.
ಪೆನ್ನು ನಿಂತಿತು.
ಉಳಿದ ಅಂಕಿಗಳನ್ನೂ ಹೇಳಿದೆ. ಬರೆದುಕೊಂಡ.

ಸಂಜೆ, ಇಂಜಿನ್ ಬಿಸಿ ಇರುವಾಗಲೇ, ಖಾಜಾ ನಟ್ಟು ಬಿಚ್ಚಿದ.
ಜಡೆಯಷ್ಟು ದಪ್ಪಕ್ಕೆ ಕರ್ರಗೆ ಇಳಿಯಿತು,
ಆಮೇಲೆ ದಾರ, ಆಮೇಲೆ ಹನಿ, ಹನಿ.
ಕೊನೆಯ ಹನಿಯವರೆಗೂ ಕಾಯಬೇಕು, ಅವನ ಹಟ.
ಬಡಿಗ ಮೋನಪ್ಪ ಕ್ಯಾನು ತಂದು ಕಾದಿದ್ದ,
ಗೆದ್ದಲು ಹತ್ತದಂತೆ ಚೌಕಟ್ಟಿಗೆ ಬಳಿಯಲು.
ಹೊಸದು ಒಳಗಿಳಿಯುವಾಗ ಜೇನಿನ ಬಣ್ಣ.
ನಾಳೆ ಸಂಜೆಯ ಹೊತ್ತಿಗೆ ಅದೂ ಕಪ್ಪು, ಗೊತ್ತಿದೆ.

ಅಂದಹಾಗೆ, ಶೆಟ್ಟಿ ಬಿಟ್ಟಿಯಾಗಿ ಕ್ಯಾಲೆಂಡರು ಕೊಟ್ಟ,
ಅದೇ ಸಿಂಥೆಟಿಕ್ಕಿನದು:
ಹಿಮದ ಬೆಟ್ಟ ಏರುತ್ತಿರುವ ನೀಲಿ ಲಾರಿ,
ಡ್ರೈವರಿನ ಬಾಯಿಂದ ಹೊಗೆಯಂಥ ಉಸಿರು.
ಎರ್ರಿಸ್ವಾಮಿ ಅದನ್ನು ಕ್ಯಾಬಿನ್ನಿನಲ್ಲಿ ಅಂಟಿಸಿದ್ದಾನೆ,
ಸಾಲಿನಲ್ಲಿ ನಿಂತಾಗ ನೋಡಿದರೆ
ಸ್ವಲ್ಪ ಸೆಕೆ ಕಮ್ಮಿಯಂತೆ.